ಮೂರ್ಸಂಜೆಗೆ ಬಿಟ್ಟ ದೋಣಿ

ಗುಲ್ವಾಡಿ
೧೬ ಜೂನ್ ೨೦೨೪

ಉಲ್ಲಾಸ,

ನೀನು ಕಳಿಸಿದ ಲಿಂಕ್ ತೆರೆದು ನಮ್ಮ ಸಿನಿಮಾ ನೋಡಿದೆ. ಮುಗಿದ ಮೇಲೆ ಇನ್ನೊಮ್ಮೆ ನೋಡಿದೆ. ಮೊದಲ ಸಲ ನಡುವೆ ಎಲ್ಲೋ ತೂಕಡಿಸಿ, ನಾನು ಬರೆದ ದೃಶ್ಯಗಳು ತಪ್ಪಿಹೋದವೇನೋ ಎಂದು ಅನುಮಾನ. ತೂಕಡಿಸಿರಲಿಲ್ಲ. ದೃಶ್ಯಗಳೇ ಇರಲಿಲ್ಲ.

ಆಗಲೇ ಫೋನ್ ಮಾಡಿ ಬಯ್ಯೋಣ ಅನ್ನಿಸಿತು. ಆದರೆ ಚಿತ್ರಕಥೆ ಬರೆಯುವಾಗಲೇ ನಾವು ಮಾಡಿಕೊಂಡ ನಿಯಮ ಇದೆಯಲ್ಲ, ಸಿನಿಮಾದ ವಿಷಯ ಏನಿದ್ದರೂ ಕಾಗದದಲ್ಲೇ ಅಂತ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ನಾನು ಸಿಟ್ಟು ಬಂದು ಇಟ್ಟುಬಿಡುತ್ತೇನೆ. ಕಾಗದವಾದರೆ ನೀನು ಕೊನೆಯವರೆಗೆ ಬಾಯಿ ಮುಚ್ಚಿಕೊಂಡು ಓದಲೇಬೇಕು.

ಮೊದಲು ಒಳ್ಳೆಯ ಮಾತು. ನಿತೇಶನ ಕ್ಯಾಮೆರಾ ಕೆಲಸಕ್ಕೆ ಏನೂ ಹೇಳುವ ಹಾಗಿಲ್ಲ. ನಾನು ದಿನಾ ಕುಂದಾಪುರದ ಕಾಲೇಜಿಗೆ ಪಾಠ ಮಾಡಲು ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುವ ಹೊಳೆ ಇದೇನಾ ಅನ್ನಿಸಿತು. ಕೊನೆಯಲ್ಲಿ ಮೂರ್ಸಂಜೆ ಹೊತ್ತು ಅಜ್ಜ ಐದು ಹುಡುಗರನ್ನು ಕೂರಿಸಿಕೊಂಡು ಕೆಂಪು ನೀರಿನ ಮೇಲೆ ದೋಣಿ ನಡೆಸುತ್ತಾ ದೂರ ಹೋಗುವುದಿದೆಯಲ್ಲ, ಸತ್ತವರನ್ನು ಅಂಬಿಗ ಆಚೆ ದಡ ಮುಟ್ಟಿಸುವ ಹಾಗೆ, ಅದನ್ನು ನೋಡಿ ಕಣ್ಣು ತುಂಬಿತು. ಸುಳ್ಳು ಯಾಕೆ ಹೇಳಲಿ.

ಆದರೆ ಕಥೆ ಎಲ್ಲಿ ಮಾರಾಯ? ನೀನು ಕತ್ತರಿಸಿ ಎಸೆದದ್ದು ಏನು ಎಂದು ನಿನಗೇ ಮರೆತಿದ್ದರೆ ಇನ್ನೊಮ್ಮೆ ಬರೆಯುತ್ತೇನೆ.

ಸೇತುವೆ ಇಲ್ಲದ ಕಾಲ. ನನ್ನ ಅಜ್ಜ ಬಚ್ಚ ಈ ಹೊಳೆಯಲ್ಲಿ ಜನ ದಾಟಿಸುತ್ತಿದ್ದ. ದೀಪ ಹಚ್ಚುವ ಹೊತ್ತಾದ ಮೇಲೆ ದೋಣಿ ಬಿಡುವುದಿಲ್ಲ ಎಂಬುದು ಅವನ ಕಟ್ಟುನಿಟ್ಟು. ೧೯೮೩ರಲ್ಲಿ ಒಂದು ದಿನ ಆಚೆ ದಡದಲ್ಲಿ ಯಕ್ಷಗಾನ ಇತ್ತು. ಊರಿನ ಐದು ಹುಡುಗರು ಸಂಜೆ ತಡವಾಗಿ ಬಂದು ದಾಟಿಸು ಅಂದರು. ಅಜ್ಜ ಆಗುವುದಿಲ್ಲ ಅಂದು ದೋಣಿ ಕಟ್ಟಿ ಮನೆಗೆ ಬಂದು ಉಣ್ಣಲು ಕೂತ. ಹುಡುಗರು ತಾವೇ ದೋಣಿ ಬಿಚ್ಚಿಕೊಂಡು ಹೋದರು. ಸಮುದ್ರಕ್ಕೆ ನೀರು ಇಳಿಯುವ ಹೊತ್ತು, ಸೆಳೆತ ಜೋರು, ನಡು ಹೊಳೆಯಲ್ಲಿ ದೋಣಿ ಮಗುಚಿತು. ಕೂಗು ಕೇಳಿ ಅಜ್ಜ ಅರ್ಧ ಊಟದಲ್ಲಿ ಎದ್ದು ಓಡಿ ನೀರಿಗೆ ಹಾರಿದ. ಒಬ್ಬನನ್ನೂ ಉಳಿಸಲಾಗಲಿಲ್ಲ. ಊರವರು ಲಾಟೀನು ಹಿಡಿದುಕೊಂಡು ಬಂದಾಗ ಹೊಳೆಯಲ್ಲಿ ಜೀವ ಇದ್ದದ್ದು ಅವನೊಬ್ಬನಿಗೇ. ಬಚ್ಚ ಮೂರ್ಸಂಜೆಗೆ ದೋಣಿ ಬಿಟ್ಟ, ಐದು ಜನರನ್ನು ಮುಳುಗಿಸಿ ತಾನು ಈಜಿ ಬದುಕಿದ ಎಂದು ಊರು ತೀರ್ಮಾನ ಮಾಡಿತು. ಇವತ್ತಿಗೂ ಅದೇ ತೀರ್ಮಾನ.

ಅಜ್ಜ ಬಾಯಿ ಬಿಡಲಿಲ್ಲ. ಮಕ್ಕಳನ್ನು ಕಳೆದುಕೊಂಡವರ ಎದುರು ನಿಂತು, ನಿಮ್ಮ ಮಕ್ಕಳೇ ಹೇಳದೆ ಕೇಳದೆ ದೋಣಿ ಬಿಚ್ಚಿಕೊಂಡು ಹೋದದ್ದು ಅನ್ನಲು ಅವನಿಗೆ ಮನಸ್ಸಾಗಲಿಲ್ಲ. ಅವತ್ತು ಅವನಿಗೆ ಬಡಿಸಿದವಳು ನನ್ನ ಅಮ್ಮ. ನೀನೂ ಹೇಳಬೇಡ ಎಂದು ಅವಳ ಬಾಯಿಯನ್ನೂ ಕಟ್ಟಿದ. ಅವನು ಹೋಗಿ ಎಷ್ಟೋ ವರ್ಷವಾದ ಮೇಲೆ, ನೀನು ನಮ್ಮ ಜಗಲಿಯಲ್ಲಿ ಕೂತು ಮಾತು ಕೊಟ್ಟ ಮೇಲೆ, ಅಮ್ಮ ಹೇಳಿದಳು. ಊರ ಶಾಲೆಯ ಮೈದಾನದಲ್ಲಿ ಪರದೆ ಕಟ್ಟಿ ಎಲ್ಲರೆದುರು ತೋರಿಸುತ್ತೇನೆ ಅಂದದ್ದು ನೀನೇ. ಅವಳು ಕಾಯುತ್ತಿರುವುದು ಅದಕ್ಕೇ. ಅಪ್ಪನ ಮೇಲಿನ ಮಾತು ತಾನು ಕಣ್ಣು ಮುಚ್ಚುವ ಮೊದಲು ಹೋಗಬೇಕು, ಅಷ್ಟೇ.

ನಿನ್ನ ಸಿನಿಮಾದಲ್ಲಿ ಹುಡುಗರು ಬಂದು ಕೇಳುವುದಿಲ್ಲ, ಅಜ್ಜ ಇಲ್ಲ ಅನ್ನುವುದಿಲ್ಲ, ಊಟಕ್ಕೆ ಕೂರುವುದಿಲ್ಲ. ಯಕ್ಷಗಾನದಲ್ಲಿ ವೇಷಗಳು ಸಾಲಾಗಿ ಬಂದು ಕುಣಿದು ಒಡ್ಡೋಲಗ ಮುಗಿಸಿ ಹಾಗೇ ಚೌಕಿಗೆ ಹೋಗಿ ಬಣ್ಣ ತೆಗೆದ ಹಾಗಾಯಿತು. ಪ್ರಸಂಗ ಯಾವಾಗ ಶುರು ಎಂದು ಕಾದು ಕೂತವರು ಎಲ್ಲಿಗೆ ಹೋಗಬೇಕು?

ಉತ್ತರ ಬರಿ. ಉದ್ದಕ್ಕೆ ಬರಿ.

ಚೇತನಾ


ಮುಂಬಯಿ
೩೦ ಜೂನ್ ೨೦೨೪

ಚೇತನಾ,

ಬೈಗುಳ ತಲುಪಿತು. ರತ್ನಾಕರ ಮಾವನ ಹೋಟೆಲಿನ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ದೋಸೆ ಕಾವಲಿಯ ಸದ್ದು, ಇಲ್ಲಿ ನಿನ್ನ ಕಾಗದದ ಸದ್ದು.

ಒಂದು ತಿಳಿದುಕೋ, ಆ ದೃಶ್ಯಗಳನ್ನು ನಾನು ಸುಮ್ಮನೆ ಎಸೆದದ್ದಲ್ಲ. ಎಲ್ಲವನ್ನೂ ಎಡಿಟಿಂಗ್ ಮೇಜಿನ ಮೇಲೆ ಜೋಡಿಸಿ ನೋಡಿದೆ. ಹುಡುಗರು ಬಂದು ದಾಟಿಸು ಅನ್ನುವುದು, ಅಜ್ಜ ಆಗುವುದಿಲ್ಲ ಅನ್ನುವುದು, ನಿನ್ನ ಅಮ್ಮನ ಪಾತ್ರದವಳು ಅನ್ನ ಬಡಿಸುತ್ತಾ ಆಚೆ ನೋಡುವುದು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗಿತ್ತು. ನಟರು ಬಾಯಿ ತೆರೆದ ಕೂಡಲೇ ಹೊಳೆ ಹಿಂದೆ ಕಟ್ಟಿದ ಪರದೆಯಾಗಿಬಿಡುತ್ತಿತ್ತು. ನೀನು ಬರೆದದ್ದು ಕೆಟ್ಟದ್ದು ಅನ್ನುತ್ತಿಲ್ಲ. ಓದಲು ಚಂದ, ನೋಡಲು ಅಲ್ಲ.

ಮಾತು ಒಂದು ಅರ್ಥ ಕೊಟ್ಟು ಬಾಗಿಲು ಹಾಕುತ್ತದೆ. ಚಿತ್ರ ಹತ್ತು ಅರ್ಥಕ್ಕೆ ಜಾಗ ಬಿಡುತ್ತದೆ. ಬರೀ ಕಥೆ ಹೇಳುವುದೇ ಆದರೆ ಕ್ಯಾಮೆರಾ ಯಾಕೆ, ನಿನ್ನ ಅಮ್ಮನನ್ನು ಕರೆದು ಆಕಾಶವಾಣಿಯಲ್ಲಿ ಕೂರಿಸಬಹುದಿತ್ತು. ಆ ಮೂರ್ಸಂಜೆ ದೃಶ್ಯಕ್ಕಾಗಿ ನಿತೇಶ ಮೊಣಕಾಲು ಕೆಸರಿನಲ್ಲಿ ನಿಂತು ದಿನಗಟ್ಟಲೆ ಕಾದಿದ್ದಾನೆ. ಬೆಳಕು ಸರಿಯಿಲ್ಲ ಎಂದು ದಿನವೂ ವಾಪಸು. ಸರಿಯಾದ ಬೆಳಕು ಬಂದ ದಿನ ದೋಣಿ, ನೀರು, ಆಕಾಶ ಎಲ್ಲ ಒಂದೇ ಬಣ್ಣ. ಅದನ್ನು ನೋಡಿ ನಿನಗೆ ಅಳು ಬಂತು ಎಂದು ನೀನೇ ಬರೆದಿದ್ದೀಯ. ಅಳು ಬಂದ ಮೇಲೆ ಕಥೆ ಮುಟ್ಟಿತು ಅಂತಲೇ ಅಲ್ಲವಾ?

ಹೊರದೇಶದ ಒಂದು ಚಿತ್ರೋತ್ಸವದವರಿಗೆ ಕಳಿಸಿದ್ದೇನೆ. ನೋಡಿದವರು ಆ ದೋಣಿಯ ವಿಷಯವೇ ಮಾತಾಡುತ್ತಿದ್ದಾರಂತೆ. ಇನ್ನೂ ಏನೂ ಖಾತ್ರಿಯಿಲ್ಲ, ಯಾರಿಗೂ ಹೇಳಬೇಡ.

ಅಮ್ಮನಿಗೆ ಒಮ್ಮೆ ತೋರಿಸು. ನಾವು ಓದಿದವರು ಸುಮ್ಮನೆ ವಾದ ಮಾಡುತ್ತೇವೆ. ಅವರಿಗೆ ಹಿಡಿಸುತ್ತದೆ, ನೋಡು ಬೇಕಾದರೆ.

ನಿನ್ನ ಬೈಗುಳಕ್ಕೆ ಸದಾ ಅರ್ಹನಾದ
ಉಲ್ಲಾಸ


ಗುಲ್ವಾಡಿ
೧೪ ಜುಲೈ ೨೦೨೪

ಉಲ್ಲಾಸ,

ತೋರಿಸಿದೆ.

ಲ್ಯಾಪ್‌ಟಾಪಿಗೆ ವಯರು ಹಾಕಿ ಟೀವಿಯಲ್ಲಿ ಹಾಕಿಕೊಟ್ಟೆ. ಅಮ್ಮ ಮಧ್ಯಾಹ್ನವೇ ಕೆಲಸ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಮನೆಯಲ್ಲೇ ನೋಡುವುದಾದರೂ ಹೂ ಮುಡಿದು ಕೂತಿದ್ದಳು. ಶುರುವಾದಾಗ ಅವಳ ಮುಖ ನೋಡಬೇಕಿತ್ತು. ಆ ಬೆಳಗಿನ ಮಂಜು ಬಂದಾಗ ಹೊಳೆ ಇಷ್ಟು ಚಂದ ಎಂದು ನನಗೆ ಗೊತ್ತೇ ಇರಲಿಲ್ಲ ಅಂದಳು. ನಿನಗೆ ಒಂದು ವಿಷಯ ಗೊತ್ತಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವಳು ಬೇಕೆಂದು ಹೊಳೆ ಕಡೆ ಹೋಗಿ ನಿಂತವಳಲ್ಲ. ಬಟ್ಟೆ ಒಗೆಯಲಿಕ್ಕೂ ಬಾವಿಕಟ್ಟೆಯೇ. ನಿನ್ನ ಸಿನಿಮಾದಲ್ಲಿ ಅವಳು ಮನಸ್ಸು ಬಿಚ್ಚಿ ಹೊಳೆ ನೋಡಿದಳು. ಅದು ನಿನ್ನ ಲೆಕ್ಕಕ್ಕೇ ಸೇರಲಿ.

ಆಮೇಲೆ ಆ ಮೂರ್ಸಂಜೆ ದೃಶ್ಯ ಬಂತು. ಅಜ್ಜನ ವೇಷದವನು ಗಳ ಹಿಡಿದು ನಿಂತಿದ್ದಾನೆ, ಹುಡುಗರು ಕೂತಿದ್ದಾರೆ, ದೋಣಿ ಹೋಗುತ್ತಿದೆ. ಅಮ್ಮ ಎದ್ದು ನಿಂತಳು. ಟೀವಿ ಹತ್ತಿರ ಹೋಗಿ ನೋಡಿದಳು. ತಿರುಗಿ ನನಗೆ ಹೇಳಿದಳು:

“ಅಪ್ಪಯ್ಯ ಮೂರ್ಸಂಜಿಗೆ ದೋಣಿ ಬಿಟ್ಟ ಅಂದೇಳಿ ನೀವೂ ತೋರ್ಸಿದ್ರಲ್ದಾ.”

ನಾನು ವಿವರಿಸಲು ಹೋದೆ. ಇದು ನಿಜವಾಗಿ ನಡೆದದ್ದಲ್ಲ ಅಮ್ಮ, ಅವರೆಲ್ಲ ಸತ್ತ ಮೇಲೆ ಅಜ್ಜ ಆತ್ಮಗಳನ್ನು ದಾಟಿಸುತ್ತಿರುವುದು, ಇದೊಂದು ಕಲ್ಪನೆ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಅವಳು ಪೂರ್ತಿ ಕೇಳಿಸಿಕೊಂಡಳು. ಅಲ್ಲಿ ದೋಣಿಯಲ್ಲಿ ನಿಂತಿರುವುದು ಅಪ್ಪಯ್ಯ ಹೌದೋ ಅಲ್ಲವೋ ಎಂದು ಕೇಳಿದಳು. ಹೌದು ಅಂದೆ. ಹೊತ್ತು ಮುಳುಗಿದ್ದು ಹೌದೋ ಅಲ್ಲವೋ ಅಂದಳು. ಅದಕ್ಕೂ ಹೌದು ಅನ್ನಬೇಕಾಯಿತು. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಒಲೆ ಹಚ್ಚಿದಳು.

ನನಗೂ ಹೊಳೆದಿರಲಿಲ್ಲ ಉಲ್ಲಾಸ. ನನಗೆ ಸತ್ಯ ಗೊತ್ತಿತ್ತು, ಹಾಗಾಗಿ ಅದು ಕಾವ್ಯವಾಗಿ ಕಂಡಿತು. ನಿನಗೂ ಹಾಗೆಯೇ. ಗೊತ್ತಿಲ್ಲದವರಿಗೆ ಅದು ಕಾವ್ಯ ಅಲ್ಲ, ರುಜುವಾತು. ಚಿತ್ರ ಹತ್ತು ಅರ್ಥಕ್ಕೆ ಜಾಗ ಬಿಡುತ್ತದೆ ಅಂದೆಯಲ್ಲ, ಊರು ಆ ಹತ್ತನ್ನೂ ಬಿಟ್ಟು ತಾನು ಮೊದಲಿನಿಂದ ನಂಬಿದ್ದನ್ನೇ ಅಲ್ಲಿ ತಂದು ಕೂರಿಸುತ್ತದೆ. ನೀನು ಕಥೆ ಹೇಳಿಲ್ಲ ಎಂದು ನಾನು ಹೋದ ತಿಂಗಳು ಜಗಳ ಮಾಡಿದೆ. ಅದು ತಪ್ಪು. ಹೇಳಿದ್ದೀಯ. ಊರವರ ಕಥೆ ಹೇಳಿದ್ದೀಯ.

ಪಕ್ಕದ ಮನೆಯ ಪದ್ದಕ್ಕನ ಅಣ್ಣ ಗೋವರ್ಧನ ಆ ಐವರಲ್ಲಿ ಒಬ್ಬ. ಪದ್ದಕ್ಕ ಇವತ್ತಿಗೂ ಅಮ್ಮ ಎದುರು ಬಂದರೆ ದಾರಿ ಬಿಟ್ಟು ಗದ್ದೆಗೆ ಇಳಿಯುತ್ತಾಳೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ನಾಳೆ ಶಾಲೆ ಮೈದಾನದಲ್ಲಿ ಅವಳು ಈ ಸಿನಿಮಾ ನೋಡಿದರೆ ಏನು ತಿಳಿಯುತ್ತಾಳೆ? ಬಚ್ಚನ ಮನೆಯವರೇ ಒಪ್ಪಿಕೊಂಡರು ಅಂತ.

ಆ ದೃಶ್ಯ ತೆಗಿ. ಊಟದ ದೃಶ್ಯ ಹಾಕು. ಕೆಟ್ಟದಾಗಿದ್ದರೂ ಇರಲಿ.

ಚೇತನಾ


ಮುಂಬಯಿ
೪ ಆಗಸ್ಟ್ ೨೦೨೪

ಚೇತನಾ,

ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಮೊನ್ನೆ ಇಮೇಲ್ ಬಂತು. ನಿನಗೇ ಮೊದಲು ಹೇಳಬೇಕೆಂದಿದ್ದೆ, ನಿನ್ನ ಕಾಗದ ಬಂದ ಮೇಲೆ ಹೇಗೆ ಹೇಳುವುದು ಗೊತ್ತಾಗಲಿಲ್ಲ.

ಅಮ್ಮನಿಗೆ ನೋವಾದದ್ದಕ್ಕೆ ಬೇಜಾರಿದೆ, ನಿಜವಾಗಿ ಬೇಜಾರಿದೆ. ಆದರೆ ಯೋಚನೆ ಮಾಡು. ಆ ಸಭಾಂಗಣದಲ್ಲಿ ಕೂತವರಿಗೆ ಗುಲ್ವಾಡಿ ಗೊತ್ತಿಲ್ಲ, ಬಚ್ಚ ಗೊತ್ತಿಲ್ಲ. ಅವರಿಗೆ ಅದು ಒಬ್ಬ ಅಂಬಿಗ, ಒಂದು ದೋಣಿ. ಪೋಸ್ಟರಿಗೂ ಅದೇ ಚಿತ್ರ ಆರಿಸಿದ್ದಾರೆ. ಅದನ್ನು ತೆಗೆದರೆ ಸಿನಿಮಾದ ಬೆನ್ನೆಲುಬೇ ಹೋಗುತ್ತದೆ. ಊರಿನಲ್ಲಿ ತೋರಿಸುವಾಗ ಮೊದಲು ನಾನೇ ನಿಂತು ಎರಡು ಮಾತು ವಿವರಿಸುತ್ತೇನೆ, ಆಗದಾ?

ಉಲ್ಲಾಸ


ಗುಲ್ವಾಡಿ
೧೧ ಆಗಸ್ಟ್ ೨೦೨೪

ಉಲ್ಲಾಸ,

ಆಗುವುದಿಲ್ಲ. ಚಿತ್ರಕ್ಕೆ ಮಾತು ಬೇಡ ಅಂದವನು ನೀನು. ಈಗ ಮೈಕು ಹಿಡಿದು ಚಿತ್ರಕ್ಕೆ ಅರ್ಥ ಹೇಳುತ್ತೀಯಾ?

ನನ್ನ ಹೆಸರು ತೆಗಿ. ಕೊನೆಯಲ್ಲಿ ಕೃತಜ್ಞತೆ ಅಂತ ಹಾಕಿದ್ದೀಯಲ್ಲ, ಅಲ್ಲಿಂದ ಅಮ್ಮನ ಹೆಸರು, ಅಜ್ಜನ ಹೆಸರು ಎರಡೂ ತೆಗಿ. ಊರಲ್ಲಿ ತೋರಿಸಬೇಡ. ಹೊರದೇಶದವರು ಎಷ್ಟು ಬೇಕಾದರೂ ನೋಡಲಿ. ಸಿನಿಮಾ ಏನಾಯಿತು ಎಂದು ಅಮ್ಮ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಅದು ನನಗೆ ಸಹಿಸಲಿಕ್ಕಾಗುವುದಿಲ್ಲ.

ಚೇತನಾ


ಮುಂಬಯಿ
೨೦ ಅಕ್ಟೋಬರ್ ೨೦೨೪

ಚೇತನಾ,

ಎರಡು ತಿಂಗಳು ಬರೆಯಲಿಲ್ಲ. ಬರೆದು ಹರಿದದ್ದು ಬೇಕಾದಷ್ಟಿದೆ. ನಿನ್ನ ಮೇಲೆ ಸಿಟ್ಟಿತ್ತು. ಹೆಸರು ತೆಗಿ ಅನ್ನುವುದು ಅಷ್ಟು ಸುಲಭವಾ? ಬೈಂದೂರಿನ ಕಾಲೇಜಿನಲ್ಲಿ ನಾಟಕ ಆಡಿದ ಕಾಲದಿಂದ ನಾವು ಒಟ್ಟಿಗೆ ಮಾಡಿದ್ದಕ್ಕೆಲ್ಲ ಇಬ್ಬರ ಹೆಸರೂ ಇದೆ.

ಈಗ ನಡೆದದ್ದು ಹೇಳುತ್ತೇನೆ. ನವರಾತ್ರಿ ಮುಗಿದ ಮೇಲೆ ಒಂದು ದಿನ ಹೋಟೆಲಿನಲ್ಲಿ ಗಿರಾಕಿಗಳಿಲ್ಲದ ಹೊತ್ತು. ರತ್ನಾಕರ ಮಾವ ಮೇಲೆ ಬಂದು, ಏನೋ ಫಿಲ್ಮು ಅನ್ನುತ್ತೀಯಲ್ಲ, ನಮಗೆ ತೋರಿಸಲಿಕ್ಕೆ ನಾಚಿಕೆಯಾ ಎಂದು ಕೂತರು. ಅವರು ನಮ್ಮ ಕಡೆಯಿಂದ ಹುಡುಗನಾಗಿದ್ದಾಗ ಬಂದವರು. ಆ ದೋಣಿ ಮಗುಚಿದಾಗ ಇಲ್ಲೇ ಇದ್ದರು, ಊರಿಂದ ಬಂದ ಸುದ್ದಿ ಮಾತ್ರ ಗೊತ್ತು. ಲ್ಯಾಪ್‌ಟಾಪ್ ಇಟ್ಟುಕೊಟ್ಟೆ. ಪೂರ್ತಿ ನೋಡಿದರು. ಹೊಳೆ ಬಂದಲ್ಲೆಲ್ಲ ಇದು ಇಂಥವರ ಮನೆ ಹಿಂದಿನ ಕಟ್ಟೆ, ಇದು ಇಂಥ ಜಾಗ ಎಂದು ಗುರುತಿಸುತ್ತಿದ್ದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿ, ನಿಧಾನಕ್ಕೆ ಹೇಳಿದರು:

“ಚಂದ ಮಾಡಿದ್ಯ. ನಾ ಇಷ್ಟ್ ವರ್ಷ ಬಚ್ಚ ಹಂಗೆಲ್ಲ ಮಾಡೂ ಜನ ಅಲ್ಲ ಅಂದೇ ತಿಳ್ಕಂಡಿದ್ದೆ. ಹಂಗಾರೆ ಕತ್ಲಿಗೆ ದೋಣಿ ಬಿಟ್ಟದ್ದ್ ಹೌದೇ ಅಂದಾಯ್ತ್.”

ನೋಡು, ಅವರು ಅನುಮಾನ ಇಟ್ಟುಕೊಂಡಿದ್ದ ಜನ. ಊರಿನ ಮಾತನ್ನು ನಂಬದೆ ನಲವತ್ತು ವರ್ಷ ಇದ್ದ ಒಬ್ಬ ಮನುಷ್ಯನನ್ನು ನನ್ನ ಸಿನಿಮಾ ನಂಬಿಸಿತು. ನಾನು ಅಲ್ಲ ಮಾವ, ಹಾಗಲ್ಲ ಎಂದು ಇಡೀ ಕಥೆ ಹೇಳಿದೆ. ಹುಡುಗರು ಬಂದದ್ದು, ಅಜ್ಜ ಉಣ್ಣಲು ಕೂತದ್ದು, ಎಲ್ಲ. ಅವರು ಕೇಳಿ, ಅದನ್ನು ಯಾಕೆ ಹಾಕಲಿಲ್ಲ ಅಂದರು. ನಾನು ನಿನಗೆ ಬರೆದ ಉತ್ತರವನ್ನೇ ಕೊಡಲು ಬಾಯಿ ತೆರೆದೆ. ಅಲ್ಲಿ ಕೂತು ಅದನ್ನು ಹೇಳಲು ನನಗಾಗಲಿಲ್ಲ.

ಈಗಲೂ ನಾನು ಊಟದ ದೃಶ್ಯ ಹಾಕುವುದಿಲ್ಲ. ಅದು ಕೆಟ್ಟದಾಗಿದೆ, ಕೆಟ್ಟದ್ದನ್ನು ಸತ್ಯ ಎಂಬ ಕಾರಣಕ್ಕೆ ಹಾಕಿದರೆ ಜನ ನಂಬುವುದೂ ಇಲ್ಲ. ಆದರೆ ಚಿತ್ರಕಥೆ ಬರೆಯುವ ಮೊದಲು ಅಮ್ಮ ಮಾತಾಡುವಾಗ ನೀನು ನೆನಪಿಗಿರಲಿ ಎಂದು ಮೊಬೈಲಿನಲ್ಲಿ ಹಿಡಿದಿದ್ದೆಯಲ್ಲ, ಆ ವಿಡಿಯೋ ಇದೆಯಾ? ಪ್ಲಾಸ್ಟಿಕ್ ಕುರ್ಚಿ, ಟ್ಯೂಬ್‌ಲೈಟು, ಹಿಂದೆ ಒಣಗಲು ಹಾಕಿದ ಬಟ್ಟೆ, ಆಗ ಒಂದು ತುಣುಕು ನನಗೆ ಕಳಿಸಿದ್ದೆಯಲ್ಲ, ಅದರ ಪೂರ್ತಿ ವಿಡಿಯೋ. ಕಳಿಸು. ಅಮ್ಮ ಒಪ್ಪಿದರೆ ಮಾತ್ರ.

ಉಲ್ಲಾಸ


ಗುಲ್ವಾಡಿ
೩ ನವೆಂಬರ್ ೨೦೨೪

ಉಲ್ಲಾಸ,

ವಿಡಿಯೋ ಸಿಕ್ಕಿತು. ಪೆನ್‌ಡ್ರೈವಿಗೆ ಹಾಕಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ರತ್ನಾಕರ ಮಾವನ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಬಚ್ಚ ಅಂಥವನಲ್ಲ ಎಂದು ಮುಂಬಯಿಯಲ್ಲಿ ಒಬ್ಬರು ತಿಳಿದುಕೊಂಡಿದ್ದರಾ ಎಂದು ಎರಡೆರಡು ಸಲ ಕೇಳಿದಳು. ಊರಲ್ಲಿ ಒಬ್ಬರೂ ಹಾಗೆ ಅಂದದ್ದು ಅವಳ ಕಿವಿಗೆ ಬಿದ್ದಿಲ್ಲ.

ಅವಳದ್ದು ಒಂದು ಷರತ್ತು. ದೋಣಿ ಬಿಚ್ಚಿದ್ದು ಯಾರು ಎಂದು ಅವಳಿಗೆ ಗೊತ್ತು. ಅಜ್ಜ ಉಣ್ಣಲು ಕೂತಾಗ ಐವರಲ್ಲಿ ಒಬ್ಬ ಮನೆ ಬಾಗಿಲಿಗೇ ಬಂದು ಇನ್ನೊಮ್ಮೆ ಕೇಳಿ, ಬಯ್ಯಿಸಿಕೊಂಡು, ಸಿಟ್ಟಿನಲ್ಲಿ ದೋಣಿ ಕಟ್ಟಿದ ಕಡೆಗೇ ಇಳಿದು ಹೋಗಿದ್ದ. ವಿಡಿಯೋದಲ್ಲಿ ಒಂದು ಕಡೆ ಅವನ ಹೆಸರು ಹೇಳಿದ್ದಾಳೆ. ಅದನ್ನು ತೆಗೆಯಬೇಕು. ಹುಡುಗರು ಬಿಚ್ಚಿಕೊಂಡು ಹೋದರು ಎಂಬಷ್ಟು ಸಾಕು. ಅಪ್ಪ ಯಾರ ಮೇಲೂ ಹೇಳದೆ ಹೋದದ್ದನ್ನು ಈಗ ತಾನು ಹೇಳಿದರೆ ಅವನು ಬಾಯಿ ಮುಚ್ಚಿಕೊಂಡು ಬದುಕಿದ್ದಕ್ಕೆ ಏನು ಬೆಲೆ ಅನ್ನುತ್ತಾಳೆ. ಹೆಸರಿಲ್ಲದಿದ್ದರೆ ಜನ ನಂಬುತ್ತಾರಾ ಎಂದು ನಾನು ವಾದಿಸಿದೆ. ನಂಬುವವರು ನಂಬಲಿ ಅಂದಳು.

ಹೆಸರು ನಿನ್ನ ಕಿವಿಗೆ ಬೀಳುತ್ತದೆ. ಕೇಳಿ ಮರೆತುಬಿಡು.

ಮೂರ್ಸಂಜೆ ದೃಶ್ಯದ ವಿಷಯ ನೀನು ಏನೂ ಬರೆದಿಲ್ಲ. ನಾನೂ ಕೇಳುವುದಿಲ್ಲ.

ಚೇತನಾ


ಮುಂಬಯಿ
೧೨ ಜನವರಿ ೨೦೨೫

ಚೇತನಾ,

ಕೆಲಸ ಮುಗಿಯಿತು. ಮೂರ್ಸಂಜೆ ದೃಶ್ಯ ಇಲ್ಲ.

ಉಳಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ಅಮ್ಮನ ಮಾತಿನ ನಂತರ ಇಟ್ಟು ನೋಡಿದೆ, ಮೊದಲು ಇಟ್ಟು ನೋಡಿದೆ, ಕಪ್ಪುಬಿಳುಪು ಮಾಡಿ ನೋಡಿದೆ. ಎಲ್ಲಿಟ್ಟರೂ ಅದು ಅಮ್ಮನ ಮಾತನ್ನು ನುಂಗಿಹಾಕುತ್ತಿತ್ತು. ಅವರು ಇಲ್ಲ ಅಂದದ್ದನ್ನು ಅದು ಹೌದು ಅನ್ನುತ್ತಿತ್ತು, ಅವರಿಗಿಂತ ಚಂದವಾಗಿ ಅನ್ನುತ್ತಿತ್ತು. ತೆಗೆದ ದಿನ ನಾನು ಊಟ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಇನ್ನೊಂದು ದೃಶ್ಯ ಹಿಡಿಯುತ್ತೇನೆ ಎಂಬ ಧೈರ್ಯ ನನಗಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಬೆಳಗಿನ ಹೊಳೆ, ಮಂಜು, ಬಲೆ ಹಾಕುವವರು ಎಲ್ಲ ಇದೆ. ನಡುವೆ ಅಮ್ಮ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಒಂದು ಕಡೆ ಕುಕ್ಕರ್ ಕೂಗುತ್ತದೆ, ಅವರು ಮಾತು ನಿಲ್ಲಿಸಿ ಒಳಗೆ ಹೋಗಿ ಬರುತ್ತಾರೆ. ಅದನ್ನೂ ಬಿಟ್ಟಿದ್ದೇನೆ. ಅವರಿಲ್ಲದ ಖಾಲಿ ಕುರ್ಚಿ ನೋಡುತ್ತಾ ಕೂರಬೇಕು. ನಿತೇಶ ನೋಡಿ, ರೇಷ್ಮೆ ಸೀರೆಗೆ ಗೋಣಿ ತೇಪೆ ಹಾಕಿದೆ ಅಂದ. ಒಂದು ವಾರ ಮಾತು ಬಿಟ್ಟ. ಆಮೇಲೆ 'ಪ್ರೊಜೆಕ್ಟರ್ ಯಾರು ತಕಂಡ್ ಹೋಪುದ್' ಎಂದು ಅವನೇ ಫೋನ್ ಮಾಡಿದ.

ಚಿತ್ರೋತ್ಸವದವರಿಗೆ ಹೊಸ ರೂಪ ಕಳಿಸಿದೆ. ತಾವು ಆರಿಸಿದ್ದು ಈ ಸಿನಿಮಾ ಅಲ್ಲ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಅದು ಅಲ್ಲಿಗೆ ಮುಗಿಯಿತು.

ಫೆಬ್ರವರಿಯಲ್ಲಿ ನಿತೇಶ ಪರದೆ, ಪ್ರೊಜೆಕ್ಟರ್ ಹಿಡಿದುಕೊಂಡು ಬರುತ್ತಾನೆ. ನಾನು ಬರುವುದಿಲ್ಲ. ಮಾವನಿಗೆ ಮೊಣಕಾಲಿನ ಆಪರೇಷನ್, ಗಲ್ಲಾದಲ್ಲಿ ಕೂರಲು ಬೇರೆ ಜನ ಇಲ್ಲ. ನೀನು ಏನು ತಿಳಿದುಕೊಳ್ಳುತ್ತೀಯ ಗೊತ್ತಿದೆ. ಅದೂ ಸ್ವಲ್ಪ ಹೌದು.

ನಿನ್ನ ಹೆಸರು ವಾಪಸು ಹಾಕಿದ್ದೇನೆ. ಕೇಳಲಿಲ್ಲ, ಹಾಕಿದ್ದೇನೆ.

ಉಲ್ಲಾಸ


ಗುಲ್ವಾಡಿ
೧೬ ಫೆಬ್ರವರಿ ೨೦೨೫

ಉಲ್ಲಾಸ,

ನಿನ್ನೆ ಸಂಜೆ ತೋರಿಸಿದೆವು. ನಿತೇಶ ಫೋನಿನಲ್ಲಿ ನಿನಗೆ ಹೇಳಿರುತ್ತಾನೆ, ಆದರೆ ಅವನು ಪ್ರೊಜೆಕ್ಟರಿನ ಹತ್ತಿರ ಇದ್ದ. ನಾನು ಮುಂದೆ ಅಮ್ಮನ ಪಕ್ಕ ಕೂತಿದ್ದೆ. ಅಲ್ಲಿ ಕಂಡದ್ದನ್ನು ಬರೆಯುತ್ತೇನೆ.

ಮೈದಾನಕ್ಕೆ ತಂದು ಹಾಕಿದ್ದ ಶಾಲೆಯ ಬೆಂಚುಗಳೆಲ್ಲ ತುಂಬಿ ಹಿಂದೆ ಜನ ನಿಂತಿದ್ದರು. ಅಮ್ಮ ಈ ಸಲ ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದಳು, ಬದಲಿಸು ಅಂದರೆ ಕೇಳಲಿಲ್ಲ. ಪದ್ದಕ್ಕ ಬಂದಿದ್ದಳು. ಮೊಮ್ಮಗಳ ಜೊತೆ ಗೇಟಿನ ಹತ್ತಿರ, ಎದ್ದು ಹೋಗಲು ಸುಲಭವಾಗುವ ಜಾಗದಲ್ಲಿ ಕೂತಿದ್ದಳು.

ಹೊಳೆ ಬಂದಾಗ ಗಲಾಟೆಯೋ ಗಲಾಟೆ. ನೀನು ಮೌನ ಬೇಕು ಎಂದು ಇಟ್ಟ ಕಡೆಯೆಲ್ಲ ಜನ ಅದು ಯಾರ ಗದ್ದೆ, ಆ ತೆಂಗಿನಮರ ಯಾರದ್ದು, ಆ ದನ ಯಾರ ಮನೆಯದ್ದು ಎಂದು ಮಾತಾಡಿದರು. ಮಂಜಿನ ದೃಶ್ಯಕ್ಕೆ ಮಾತ್ರ ಸುಮ್ಮನಾದರು. ನನ್ನ ಹಿಂದೆ ಕೂತಿದ್ದ ಚೆನ್ನಯ್ಯ ಮಾಸ್ಟ್ರು, ದಿನಾ ಕಾಣುವುದನ್ನು ಇವತ್ತು ಕಂಡೆ ಅಂದರು. ನಿನಗೆ ಸಂತೋಷವಾಗಲಿ ಎಂದು ಬರೆದೆ.

ಆಮೇಲೆ ಅಮ್ಮ ಬಂದಳು. ಮೊದಲು ನಾಲ್ಕು ಜನ ನಕ್ಕರು, ನಮ್ಮ ಅಪ್ಪಿಯಕ್ಕ ಪಿಚ್ಚರಿನಲ್ಲಿ ಎಂದು. ಅವಳು ಹುಡುಗರು ಬಂದದ್ದು ಹೇಳಿದಳು. ಅಪ್ಪ ಆಗುವುದಿಲ್ಲ ಅಂದದ್ದು ಹೇಳಿದಳು. “ದೋಣಿ ಬಿಚ್ಚಿ ಹೋಪತಿಗೆ ಅಪ್ಪಯ್ಯ ಉಂತಾ ಇದ್ದ. ಬಡ್ಸದ್ದ್ ನಾನೇ” ಅಂದಾಗ ನಗು ಎಲ್ಲ ನಿಂತಿತ್ತು. ಆಗ ಕುಕ್ಕರ್ ಕೂಗಿತು, ಅವಳು ಎದ್ದು ಒಳಗೆ ಹೋದಳು. ಉಲ್ಲಾಸ, ಆ ಖಾಲಿ ಕುರ್ಚಿಯನ್ನು ಇಡೀ ಊರು ನೋಡುತ್ತಾ ಕೂತಿತು. ಎಲ್ಲರೂ ಅವಳು ಬಂದು ಕೂತು ಉಳಿದದ್ದನ್ನು ಹೇಳುವವರೆಗೆ ಕಾದರು. ನಿನ್ನ ಅತ್ಯಂತ ಒಳ್ಳೆಯ ದೃಶ್ಯ ಅದೇ, ನೀನು ಹಿಡಿದದ್ದಲ್ಲದಿದ್ದರೂ.

ಸಿನಿಮಾ ಮುಗಿಯಿತು. ಯಾರೂ ಏಳಲಿಲ್ಲ. ಚಪ್ಪಾಳೆಯೂ ಇಲ್ಲ. ಏನು ಮಾಡುವುದು ಗೊತ್ತಾಗದೆ ನಿತೇಶ ಮೈದಾನದ ಲೈಟು ಹಾಕಿದ. ಹಿಂದೆ ನಿಂತಿದ್ದವರಲ್ಲಿ ಒಬ್ಬರು, ಹುಡುಗರು ಬಿಚ್ಚಿದರು ಅಂದರೆ ಯಾರು ಬಿಚ್ಚಿದ್ದು, ಸತ್ತವರು ಈಗ ಎದ್ದು ಬಂದು ಹೇಳುತ್ತಾರಾ ಅಂದರು. ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಉತ್ತರ ಕೊಡಲು ಎದ್ದೆ, ಅಮ್ಮ ಸೆರಗು ಹಿಡಿದು ಎಳೆದು ಕೂರಿಸಿದಳು. ಅವಳಿಗೆ ಹೆಸರು ಗೊತ್ತು, ಹೇಳಿದರೆ ಅಲ್ಲಿಗೆ ಮುಗಿಯುತ್ತದೆ. ಬಾಯಿ ಬಿಗಿದುಕೊಂಡು ಪರದೆಯನ್ನೇ ನೋಡುತ್ತಾ ಕೂತಳು. ನನಗೆ ಎಷ್ಟು ಸಂಕಟವಾಯಿತು ಎಂದು ಹೇಳಲಾರೆ.

ಗೇಟಿನ ಹತ್ತಿರ ಪದ್ದಕ್ಕ ಎದ್ದಳು. ಹೊರಟಳು ಅಂದುಕೊಂಡೆ. ಅವಳು ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, ಅಮ್ಮನಿಗಲ್ಲ, ಜನರ ಕಡೆ ತಿರುಗಿ ನಿಂತು ಹೇಳಿದಳು:

“ದೋಣಿ ಬಿಚ್ಚದ್ದ್ ನಮ್ಮ ಅಣ್ಣ, ಗೋವರ್ಧನ. ಬಚ್ಚ ದಾಟ್ಸದಿದ್ರೆ ನಾವೇ ಬಿಚ್ಕಂಡ್ ಹೋತ್ ಅಂದೇಳಿ ಮನಿಯಂಗೆ ಹೇಳೇ ಹೋದ್ದ್. ನಮ್ಮ ಅಮ್ಮಂಗೆ ಗೊತ್ತಿತ್ತ್. ನಂಗೂ ಗೊತ್ತಿತ್ತ್.”

ಅಷ್ಟು ಹೇಳಿ ಅಮ್ಮನ ಕಡೆ ತಿರುಗಿದಳು. ಮುಂದೆ ಏನೋ ಹೇಳಬೇಕಿತ್ತು ಅವಳಿಗೆ. ನಾ ಹೇಳ್ಲಿಲ್ಲೆ ಅಪ್ಪಿ, ನಾ ಹೇಳ್ಲಿಲ್ಲೆ ಎಂಬುದಷ್ಟೇ ಬಂತು. ಅವಳನ್ನು ಹಿಡಿದುಕೊಳ್ಳಲು ನಾನು ಎದ್ದೆ, ಅಷ್ಟರಲ್ಲಿ ಅಮ್ಮನೇ ಬೆಂಚಿನಲ್ಲಿ ಸರಿದು ಜಾಗ ಮಾಡಿದ್ದಳು.

“ಅಪ್ಪಯ್ಯನೂ ಹೇಳ್ಲಿಲ್ಲೆ ಕಾಣ್” ಅಂದಳು. “ಕೂಕೊ.”

ಪದ್ದಕ್ಕ ಕೂತಳು. ಊರವರು ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಕೆಲವರು ಅಮ್ಮನ ಹತ್ತಿರ ಬಂದು ನಿಂತು ಹೋದರು. ನಿತೇಶ ಪರದೆ ಬಿಚ್ಚಿ ಮಡಚಿದ. ಅವರಿಬ್ಬರೂ ಇನ್ನೂ ಅಲ್ಲೇ ಕೂತಿದ್ದರು.

ಚೇತನಾ